ನೆಲದಿಂದ ಕೇಳುವ ಕಿವಿ

ರಾಮನಾಥಪುರ
೯ ಜೂನ್ ೨೦೨೪

ಭವ್ಯಶ್ರೀಗೆ ನಿನ್ನ ಅಜ್ಜಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಉಣ್ಣುತ್ತಿದ್ದೇವೆ, ತಿರುಗುತ್ತಿದ್ದೇವೆ. ಅದಕ್ಕಿಂತ ಹೆಚ್ಚು ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ. ಹೋದ ವಾರ ನೀನು ಬಂದು ಮಾಡಿಹೋದ ಕೆಲಸದ ಬಿಸಿ ಈ ಮನೆಯಲ್ಲಿ ಇನ್ನೂ ಆರಿಲ್ಲ.

ನಿನ್ನ ಅಕ್ಕ ದಿವ್ಯಾಳ ಮಗು ಜಗಲಿಯಲ್ಲಿ ತನ್ನ ಪಾಡಿಗೆ ಆಡುತ್ತಿತ್ತು. ನೀನು ಅದರ ಬೆನ್ನ ಹಿಂದೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿದೆ. ನಿಧಿ ತಿರುಗಲಿಲ್ಲ. ಅಷ್ಟಕ್ಕೇ ನಿನ್ನ ಮುಖ ಬಿಳಿಚಿಕೊಂಡಿತು. ಕಸ ಗುಡಿಸುತ್ತಿದ್ದ ಬೆಳ್ಳಮ್ಮ, "ಅವ್ವಾರೇ, ಕೂಸು ತಿರುಗ್ನೇ ಇಲ್ವಲ್ಲ" ಅಂದಳು. ಬೆಳ್ಳಮ್ಮನ ಕಣ್ಣಿಗೆ ಬಿದ್ದದ್ದು ಸಂಜೆಯೊಳಗೆ ಬಸ್ ಸ್ಟ್ಯಾಂಡ್ ಮುಟ್ಟುತ್ತದೆ ಎಂದು ನಿನಗೆ ಗೊತ್ತಿರಲಿಲ್ಲವೆ?

ಅದಕ್ಕೇ ಮರುದಿನ ನಾನೇ ಹತ್ತು ಜನರನ್ನು ಕರೆಸಿ, ಅವರ ಎದುರಿಗೆ ಒನಕೆ ಹಾಕಿಸಿದೆ. ಇದು ಈ ಮನೆಯ ಪದ್ಧತಿ. ಮಗುವನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ಅದರ ತಲೆಯ ಹಿಂದೆ, ನೆಲದಲ್ಲಿ ಹೂತಿರುವ ಒರಳಿಗೆ ಒನಕೆ ಎತ್ತಿ ಹಾಕುವುದು. ಮಗು ಬೆಚ್ಚಿದರೆ ಕಿವಿ ನೆಟ್ಟಗಿದೆ ಎಂದರ್ಥ. ಮೊದಲು ನನ್ನ ಅತ್ತೆ ನೋಡುತ್ತಿದ್ದರು, ಅವರ ನಂತರ ನಾನು. ಈ ಬೀದಿಯ ಅರವತ್ತು ಮಕ್ಕಳನ್ನಾದರೂ ನೋಡಿದ್ದೇನೆ. ನಿನ್ನನ್ನೂ ನೋಡಿದ್ದೇನೆ.

ಒನಕೆ ಬಿದ್ದದ್ದೇ ತಡ, ನಿಧಿ ಎರಡು ಕೈಯನ್ನೂ ಮೇಲಕ್ಕೆತ್ತಿ ಬೆಚ್ಚಿತು. "ಆ ಏಟ್ಗೆ ನಾನೇ ಬೆಚ್ಬುಟ್ಟೆ, ಕೂಸೇನ್ ಮಾಡಾತು" ಎಂದು ನಮ್ಮ ಗದ್ದೆಯ ಹುಲಿಯಪ್ಪ ನಗಾಡಿದ. ಬೆಳ್ಳಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಲ್ಲಿಗೆ ಮಾತು ಮುಗಿಯಿತು.

ದಿವ್ಯಾಳ ತಲೆಗೆ ಇಲ್ಲದ್ದನ್ನು ತುಂಬಬೇಡ. ಫೋನೂ ಮಾಡಬೇಡ; ಈ ಮನೆಯಲ್ಲಿ ಒಬ್ಬರ ಫೋನನ್ನು ಆರು ಜನ ಕೇಳುತ್ತಾರೆ. ನೀನು ಹಾಸ್ಟೆಲ್ ಸೇರಿದ ದಿನದಿಂದ ನಿನ್ನ ಕೈಯಲ್ಲಿ ತಿಂಗಳಿಗೊಂದು ಕಾಗದ ಬರೆಸಿದ್ದೇನೆ. ಹೇಳುವುದಿದ್ದರೆ ಕಾಗದದಲ್ಲಿ ನನಗೆ ಹೇಳು.

ನಿನ್ನ ಅಜ್ಜಿ,
ನೀಲಾಂಬಿಕೆ

ಹಾಸನ
೨೦ ಜೂನ್ ೨೦೨೪

ಪೂಜ್ಯ ಅಜ್ಜಿಗೆ,

ಬೆಳ್ಳಮ್ಮನ ಎದುರಿಗೆ ಹಾಗೆ ಮಾಡಬಾರದಿತ್ತು. ತಪ್ಪಾಯಿತು. ಆದರೆ ಚಪ್ಪಾಳೆ ತಟ್ಟಿದ್ದು ತಪ್ಪಲ್ಲ.

ಕಪ್ಪೆಯ ಕಿವಿ ನೋಡಲು ಇಷ್ಟು ಓದಬೇಕಿತ್ತೇ ಎಂದು ನೀವು ಯಾವಾಗಲೂ ಹಂಗಿಸುತ್ತೀರಿ. ಈ ಒಂದು ಸಲ ಅದನ್ನು ಓದಿ.

ಕಪ್ಪೆಯ ಕಣ್ಣಿನ ಹಿಂದೆ ಒಂದು ದುಂಡನೆಯ ಬಿಲ್ಲೆ ಇದೆ. ಅದು ಅದರ ಕಿವಿಯ ತಮಟೆ. ಗಾಳಿಯಲ್ಲಿ ಬಂದ ಸದ್ದು ಅದಕ್ಕೆ ತಾಗಿ, ಒಂದು ಸಣ್ಣ ಎಲುಬಿನ ಮೂಲಕ ಒಳಗಿವಿಗೆ ಹೋಗುತ್ತದೆ. ಇದು ಒಂದು ದಾರಿ. ಇನ್ನೊಂದು ದಾರಿಯೂ ಇದೆ. ಕಪ್ಪೆಯ ಹೆಗಲ ಮೂಳೆಯಿಂದ ಒಂದು ಸ್ನಾಯು ಹೊರಟು ನೇರ ಒಳಗಿವಿಯ ಬಾಗಿಲಲ್ಲಿರುವ ಪುಟ್ಟ ಮುಚ್ಚಳವನ್ನು ಹಿಡಿದುಕೊಂಡಿರುತ್ತದೆ. ಕಪ್ಪೆ ಮುಂಗಾಲು ಊರಿ ಕೂತಾಗ ನೆಲದ ಅದುರು ಕಾಲಿನಿಂದ ಹೆಗಲಿಗೆ, ಹೆಗಲಿನಿಂದ ಕಿವಿಗೆ ಏರುತ್ತದೆ ಎಂದು ನಮ್ಮಲ್ಲಿ ಹಲವರ ಅಭಿಪ್ರಾಯ. ತಮಟೆಯೇ ಇಲ್ಲದ ಕಪ್ಪೆಗಳೂ ಇವೆ. ಅವುಗಳ ಮುಂದೆ ಕಾಲು ಅಪ್ಪಳಿಸಿ ನೋಡಿ, ಹಾರಿಹೋಗುತ್ತವೆ.

ತಮಟೆ ಬಂದದ್ದು ಬಹಳ ತಡವಾಗಿ. ನೀರಿನಿಂದ ನೆಲಕ್ಕೆ ಹತ್ತಿದ ಮೊದಲ ನಾಲ್ಕು ಕಾಲಿನ ಪ್ರಾಣಿಗಳಿಗೆ ಅದು ಇರಲಿಲ್ಲ. ಇವತ್ತು ಕಿವಿಯಲ್ಲಿ ಸದ್ದು ಸಾಗಿಸುವ ಎಲುಬು ಅವುಗಳಲ್ಲಿ ತಲೆಬುರುಡೆಗೆ ಆನಿಸಿದ ದಪ್ಪ ಊರುಗೋಲಿನಂತಿತ್ತು. ಅವು ಗಾಳಿಯ ಸದ್ದನ್ನು ಬಹುಶಃ ಕೇಳಲೇ ಇಲ್ಲ. ದವಡೆ ನೆಲಕ್ಕೆ ಇಟ್ಟು ಮಲಗಿ, ನೆಲ ಅದುರಿದ್ದನ್ನು ತಿಳಿಯುತ್ತಿದ್ದವು. ಕೋಟಿಗಟ್ಟಲೆ ವರ್ಷ ಹಾಗೇ ಬದುಕಿದವು.

ಈಗ ನಿಮ್ಮ ಒನಕೆ. ಒರಳು ನೆಲದಲ್ಲಿ ಹೂತಿದೆ. ಮಗು ಅದೇ ನೆಲದ ಮೇಲೆ, ತೆಳ್ಳನೆ ಚಾಪೆಯಲ್ಲಿ ಮಲಗಿತ್ತು. ಅದು ಬೆಚ್ಚಿದ್ದು ಸದ್ದಿಗೋ, ಬೆನ್ನಿಗೆ ಬಡಿದ ಅದುರಿಗೋ?

ನಾವು ಇಲ್ಲಿ ಕಪ್ಪೆಗೆ ಸದ್ದು ಕೇಳಿಸುವ ಮುಂಚೆ ಅದನ್ನು ದಪ್ಪ ಸ್ಪಂಜಿನ ಮೇಲೆ ಕೂರಿಸುತ್ತೇವೆ. ಮೇಜು ಅದುರಿದರೂ ಅದಕ್ಕೆ ತಾಗಬಾರದು. ನಿಧಿಯನ್ನು ಸೀರೆಯ ತೊಟ್ಟಿಲಲ್ಲಿ ಹಾಕಿ, ಕೆಳಗೆ ಮೆತ್ತನೆ ಕೌದಿ ಮಡಚಿಟ್ಟು, ಅವಳಿಗೆ ಕಾಣದಂತೆ ನಿಂತು ಹೆಸರು ಹಿಡಿದು ಕೂಗಿ. ಅಷ್ಟೇ ಕೇಳುತ್ತೇನೆ.

ಇನ್ನೊಂದು ಮಾತು. ನಮ್ಮ ವಂಶದಲ್ಲಿ ಕಿವಿ ಕೇಳದವರು ಯಾರಾದರೂ ಇದ್ದರೇ? ಅಕ್ಕನನ್ನು ನಿಮ್ಮ ಮಗ ನಟರಾಜ ಮಾವನಿಗೇ ತಂದುಕೊಂಡಿದ್ದೀರಿ. ಅವಳಿಗೆ ಅಜ್ಜಿಯೂ ನೀವೇ, ಅತ್ತೆಯೂ ನೀವೇ. ಅದಕ್ಕಾಗಿ ಕೇಳಿದೆ.

ನಿಮ್ಮ ಮೊಮ್ಮಗಳು,
ಭವ್ಯಶ್ರೀ

ರಾಮನಾಥಪುರ
೨ ಜುಲೈ ೨೦೨೪

ಭವ್ಯಶ್ರೀ,

ನಾನು ಹೊಳೆನರಸೀಪುರದಲ್ಲಿ ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು. ನಿನ್ನ ಕಾಗದ ಅರ್ಥವಾಗದೆ ಹೋಗಲಿಲ್ಲ. ಅರ್ಥವಾದದ್ದರಿಂದಲೇ ಸಿಟ್ಟು ಬಂದಿದೆ.

ಈ ಮನೆಯ ಕೂಸನ್ನು ಕಪ್ಪೆಯ ಪಕ್ಕದಲ್ಲಿ ಕೂರಿಸಿ ತೂಗುತ್ತೀಯಾ? ಅರವತ್ತು ಮಕ್ಕಳ ತಾಯಂದಿರು ನನ್ನ ಮಾತು ನಂಬಿ ಮನೆಗೆ ಹೋಗಿದ್ದಾರೆ. ಅದೆಲ್ಲ ಸುಳ್ಳು ಎಂದು ಒಂದು ಸ್ಪಂಜು ಹೇಳಬೇಕೇ?

ನಿಧಿ ಕೇಕೆ ಹಾಕುತ್ತದೆ, ನಗುತ್ತದೆ, ಕೂಗುತ್ತದೆ. ಕಿವಿ ಕೇಳದ ಮಗು ಕೂಗುತ್ತದೆಯೇ? ಶಾಂತ ಸ್ವಭಾವದ ಮಗು. ಕರೆದವರ ಕಡೆಗೆಲ್ಲ ತಿರುಗುವ ಚಪಲ ಅದಕ್ಕಿಲ್ಲ.

ವಂಶದಲ್ಲಿ ಯಾರೂ ಇಲ್ಲ. ಇನ್ನೊಮ್ಮೆ ಕೇಳಬೇಡ.

ನಿನ್ನ ಸಮಾಧಾನಕ್ಕೆ ಶ್ರಾವಣದಲ್ಲಿ ಮಗುವನ್ನು ದುದ್ದದ ನನ್ನ ತವರಿಗೆ ಕರೆದೊಯ್ದು, ನನ್ನ ತಮ್ಮನ ಗದ್ದುಗೆಯ ವಿಭೂತಿ ಹಚ್ಚಿಸುತ್ತೇನೆ. ಮಾತು ತಡವಾದ ಮಕ್ಕಳನ್ನು ಎಲ್ಲೆಲ್ಲಿಂದಲೋ ಅಲ್ಲಿಗೆ ತರುತ್ತಾರೆ. ಹದಿನಾಲ್ಕು ವರ್ಷ ಮೌನವ್ರತ ಹಿಡಿದು ಲಿಂಗೈಕ್ಯನಾದವನ ಗದ್ದುಗೆ ಅದು. ನಿನ್ನ ಲ್ಯಾಬಿಗಿಂತ ದೊಡ್ಡದು.

ನೀಲಾಂಬಿಕೆ

ಹಾಸನ
೧೮ ಆಗಸ್ಟ್ ೨೦೨೪

ಪೂಜ್ಯ ಅಜ್ಜಿಗೆ,

ನಿಮ್ಮ ಜುಲೈ ಕಾಗದದ ಮೇಲೆ ಎರಡು ಕಾಗದ ಬರೆದೆ, ಉತ್ತರವಿಲ್ಲ. ಹನ್ನೊಂದನೇ ತಾರೀಖು ಭಾನುವಾರ ನಾನೇ ಬಂದೆ. ನೀವು ಪೂಜೆಗೆ ಕೂತಿದ್ದೀರಿ, ಏಳುವುದಿಲ್ಲ ಎಂದು ಬೆಳ್ಳಮ್ಮ ಬಾಗಿಲಲ್ಲೇ ಹೇಳಿದಳು. ಮೂರು ಗಂಟೆ ಕಾದೆ. ಅಷ್ಟು ಹೊತ್ತು ಯಾರೂ ಪೂಜೆ ಮಾಡುವುದಿಲ್ಲ ಅಜ್ಜಿ.

ಮಾವನನ್ನು ಕೇಳಿದರೆ, "ಅವ್ವ ನೋಡವ್ರೆ, ಸರಿಯಾಗೈತೆ ಅಂದವ್ರೆ. ಇನ್ನೇನ್ ನಿಂದು?" ಅಂದರು. ಅಕ್ಕ ಒಳಗಿನಿಂದ ನೋಡುತ್ತಿದ್ದಳು. ಅವಳಿಗೂ ಗೊತ್ತಾಗಿದೆ ಎಂದು ನನಗನ್ನಿಸುತ್ತದೆ. ನೀವು ಸರಿ ಎಂದದ್ದನ್ನು ತಪ್ಪು ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗಿದೆ?

ಕಿವಿ ಕೇಳದ ಮಗು ಕೂಗುತ್ತದೆಯೇ ಎಂದು ಕೇಳಿದ್ದಿರಿ. ಬ್ರೆಜಿಲ್ ದೇಶದ ಕಾಡಿನಲ್ಲಿ ಹೆಬ್ಬೆರಳ ಉಗುರಿನಷ್ಟಿರುವ ಕಿತ್ತಳೆ ಬಣ್ಣದ ಕಪ್ಪೆ ಇದೆ. ಗಂಡು ದಿನವೆಲ್ಲ ಕೂಗುತ್ತದೆ. ಪರೀಕ್ಷೆ ಮಾಡಿ ನೋಡಿದರೆ, ಆ ಕೂಗನ್ನು ಕೇಳುವ ಭಾಗ ಅದರ ಕಿವಿಯೊಳಗೆ ಸರಿಯಾಗಿ ಬೆಳೆದೇ ಇಲ್ಲ. ತಾನು ಕೂಗುವುದು ಅದಕ್ಕೇ ಕೇಳದು. ಆದರೂ ಕೂಗುತ್ತದೆ. ಕಪ್ಪೆಗಳ ವಂಶದಲ್ಲಿ ಕಿವಿ ಹೀಗೆ ಒಂದು ಸಲವಲ್ಲ, ಬೇರೆ ಬೇರೆ ಕವಲುಗಳಲ್ಲಿ ಎಷ್ಟೋ ಸಲ ಕಳೆದುಹೋಗಿದೆ. ಹೊರಗಿನಿಂದ ನೋಡಿದರೆ ಕಪ್ಪೆ ಕಪ್ಪೆಯ ಹಾಗೇ ಇರುತ್ತದೆ.

ಕಪ್ಪೆಗೆ ಕಿವಿ ಇಲ್ಲದೆ ನಡೆಯುತ್ತದೆ. ಮಗು ಮಾತು ಕಲಿಯುವುದಕ್ಕೆ ಒಂದು ವಯಸ್ಸಿದೆ, ಅದು ನಿಮ್ಮ ಪೂಜೆ ಮುಗಿಯಲಿ ಎಂದು ಕಾಯುವುದಿಲ್ಲ. ನಿಧಿಗೆ ಒಂಬತ್ತು ತಿಂಗಳು ತುಂಬಿತು.

ಭವ್ಯಶ್ರೀ

ರಾಮನಾಥಪುರ
೨೯ ಸೆಪ್ಟೆಂಬರ್ ೨೦೨೪

ಭವ್ಯಶ್ರೀಗೆ,

ಗುರುವಾರ ಹಸಿ ತಂಬಾಕು ಬರುವುದಿತ್ತು. ಅಂಗಳದಲ್ಲಿ ಗೋಣಿತಾಟು ಎರಡು ಮೂರು ಪದರ ಹಾಸಿ, ಅದರ ಮೇಲೆ ಬೆಳಗ್ಗೆ ಕೊಯ್ದು ತಂದ ಎಲೆ ಹರವಿದ್ದೆವು. ಹೆಂಗಸರು ಸಾಲಾಗಿ ಕೂತು ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ದಿವ್ಯಾ ನೀರು ತರಲು ಒಳಗೆ ಹೋಗಿದ್ದಾಳೆ. ಮಗು ಅಂಬೆಗಾಲಿಟ್ಟು ಎಲೆಯ ರಾಶಿಯ ತುದಿಗೆ ಹೋಗಿ ಕೂತಿದೆ. ಸುನೀಲ್‌ಕುಮಾರ ಎರಡನೇ ಲೋಡು ತಂದವನು ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಡುತ್ತಿದ್ದಾನೆ.

ಹಾರನ್ ಸದ್ದು ನನಗೆ ಕೇಳಿಸಿತು. ಹೆಂಗಸರಿಗೆಲ್ಲ ಕೇಳಿಸಿತು. ಎಲ್ಲರೂ ತಲೆ ಎತ್ತಿದರು. ಮಗು ಮಾತ್ರ ಎತ್ತಲಿಲ್ಲ. ಗೋಣಿ, ಎಲೆಯ ಮೆತ್ತೆಯ ಮೇಲೆ ನೆಲದ ಅದುರೂ ತಾಗದೆ, ಒಂದು ಎಲೆಯನ್ನು ಹಿಡಿದು ಸೀಳುತ್ತಾ ಕೂತಿತ್ತು. ಟ್ರೇಲರಿನ ಚಕ್ರ ಅದರ ಬೆನ್ನಿಗೆ ಎರಡು ಮೊಳ ಇದ್ದಾಗ ಬೆಳ್ಳಮ್ಮ ಬಿದ್ದು ಎಳೆದುಕೊಂಡಳು. ಅವಳ ಮೊಣಕೈ ಸುಲಿದಿದೆ. ಮಗುವಿಗೆ ಏನೂ ಆಗಿಲ್ಲ.

ಸುನೀಲ್‌ಕುಮಾರ ಕೆಳಗಿಳಿದು ಓಡಿ ಬಂದ. "ನಾಕು ಸಲ ಆರನ್ ಒಡ್ದೆ ಅವ್ವಾರೇ. ನಿಮ್ಮಾಣೆಗೂ ನಾಕು ಸಲ. ಎದ್ದು ಓಯ್ತದೆ ಅಂದ್ಕಂಡೆ" ಎಂದ. ನಾನು ಅವನಿಗೆ ಬೈದೆ. ಎಲ್ಲರೆದುರಿಗೆ ಕಣ್ಣಿಲ್ಲದವನು ಎಂದು ಬೈದೆ. ಅವನದು ತಪ್ಪಲ್ಲ ಎಂದು ಬೈಯುವಾಗಲೇ ಗೊತ್ತಿತ್ತು.

ಮಧ್ಯಾಹ್ನ ದಿವ್ಯಾಳನ್ನು ಮಲಗಿಸಿ, ಮಗುವನ್ನು ಸೀರೆಯ ತೊಟ್ಟಿಲಿಗೆ ಹಾಕಿದೆ. ಕೌದಿ ಮಡಚಿಟ್ಟೆ. ನಡುಮನೆಯ ಬಾಗಿಲು ಹಾಕಿಕೊಂಡು, ತಲೆಯ ಕಡೆ ನಿಂತು ಕರೆದೆ. ಕಂಚಿನ ತಟ್ಟೆಗೆ ಲಟ್ಟಣಿಗೆಯಲ್ಲಿ ಬಡಿದೆ. ಕೊನೆಗೆ, ನನ್ನ ಜೀವಮಾನದಲ್ಲಿ ಯಾರ ಮೇಲೂ ಕೂಗದಷ್ಟು ಜೋರಾಗಿ ಕೂಗಿದೆ.

ತಿರುಗಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡು ನಗುತ್ತಿತ್ತು.

ಆಮೇಲೆ ಕೆಳಗಿಳಿಸಿ ನೆಲದ ಮೇಲೆ ಮಲಗಿಸಿ ಒಂದು ಸಲ ಕಾಲು ಅಪ್ಪಳಿಸಿದೆ. ತಕ್ಷಣ ನನ್ನ ಕಡೆ ನೋಡಿತು.

ಸಂಜೆ ಹಿತ್ತಲಿನ ತೊಟ್ಟಿಯ ಹತ್ತಿರ ಕಪ್ಪೆಯೊಂದು ಕೂತಿತ್ತು. ಬಗ್ಗಿ ನೋಡಿದೆ. ನೀನು ಬರೆದ ಬಿಲ್ಲೆ ಕಣ್ಣಿನ ಹಿಂದೆ ಇತ್ತು. ಎಪ್ಪತ್ತು ವರ್ಷ ಕಪ್ಪೆಗಳ ಜೊತೆಯಲ್ಲೇ ಬದುಕಿ, ಅದರ ಕಿವಿ ಎಲ್ಲಿದೆ ಎಂದು ನಾನು ನೋಡಿರಲಿಲ್ಲ.

ಇದು ನಮ್ಮಿಬ್ಬರ ನಡುವೆ ಇರಲಿ. ತಂಬಾಕಿನ ಕೆಲಸ ಮುಗಿಯಲಿ, ದೀಪಾವಳಿ ಹಬ್ಬ ಕಳೆಯಲಿ. ಮೈಸೂರಿಗೋ ಎಲ್ಲಿಗೋ, ಗುರುತಿನವರಿಲ್ಲದ ಕಡೆ ತೋರಿಸೋಣ. ದಿವ್ಯಾಳಿಗೆ ಹೇಳಬೇಡ.

ನೀಲಾಂಬಿಕೆ

ಹಾಸನ
೧೦ ಅಕ್ಟೋಬರ್ ೨೦೨೪

ಅಜ್ಜಿ,

ಹಬ್ಬದವರೆಗೆ ಕಾಯುವುದಿಲ್ಲ. ಇಪ್ಪತ್ತನಾಲ್ಕನೇ ತಾರೀಖು ಗುರುವಾರ ಬೆಳಗ್ಗೆ ಹತ್ತಕ್ಕೆ ಇಲ್ಲೇ ಹಾಸನದಲ್ಲಿ ಕಿವಿಯ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ಮಗುವನ್ನು ನಿದ್ದೆ ಮಾಡಿಸಿ, ತಲೆಗೆ ತಂತಿ ಅಂಟಿಸಿ, ಸದ್ದು ಮಿದುಳಿಗೆ ಮುಟ್ಟುತ್ತದೋ ಇಲ್ಲವೋ ನೋಡುತ್ತಾರೆ. ನೋವಾಗುವುದಿಲ್ಲ. ನೀವು ಅಕ್ಕನಿಗೆ ಹೇಳದಿದ್ದರೆ ಚನ್ನರಾಯಪಟ್ಟಣದಿಂದ ಅಮ್ಮನನ್ನು ಕರೆದುಕೊಂಡು ಬಂದು ನಾನೇ ಹೇಳುತ್ತೇನೆ, ಬೆಳ್ಳಮ್ಮನ ಎದುರಿಗೇ.

ಡಾಕ್ಟರು ವಂಶದ ವಿಚಾರ ಕೇಳುತ್ತಾರೆ. ನಿಮ್ಮ ತಮ್ಮ ದುದ್ದದ ಅಜ್ಜನ ಫೋಟೊ ನಿಮ್ಮ ದೇವರ ಮನೆಯಲ್ಲಿದೆ. ಹದಿನೆಂಟು ವರ್ಷದ ಹುಡುಗ ಯಾಕೆ ಮೌನವ್ರತ ಹಿಡಿದ? ಹಿಡಿಯುವ ಮುಂಚೆ ಅವನು ಮಾತಾಡಿದ್ದನ್ನು ಕೇಳಿದವರು ಯಾರಾದರೂ ಇದ್ದಾರೆಯೇ?

ಭವ್ಯಶ್ರೀ

ರಾಮನಾಥಪುರ
೧೭ ಅಕ್ಟೋಬರ್ ೨೦೨೪

ಭವ್ಯಶ್ರೀಗೆ,

ಇಲ್ಲ. ಯಾರೂ ಕೇಳಿರಲಿಲ್ಲ.

ನನ್ನ ತಮ್ಮ ಬಸವರಾಜು ಹುಟ್ಟುಗಿವುಡ. ಒಳ್ಳೆಯ ಮೈಕಟ್ಟು, ಬುದ್ಧಿವಂತ. ತೆಂಗಿನ ಮರ ಹತ್ತುವುದರಲ್ಲಿ, ಹಾಲು ಕರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಪ್ಪತ್ತೆರಡರಲ್ಲಿ ನನ್ನನ್ನು ನೋಡಲು ರಾಮನಾಥಪುರದ ಈ ಮನೆಯವರು ಬಂದರು. ಇಂಥ ಸಂಬಂಧ ಮತ್ತೆ ಬರುವುದಿಲ್ಲ ಎಂದು ನಮ್ಮಪ್ಪನಿಗೆ ಭಯ. ಕಿವುಡ ತಮ್ಮ ಇದ್ದಾನೆಂದರೆ ಹುಡುಗಿಯ ಹೊಟ್ಟೆಯಲ್ಲೂ ಅದೇ ಬರುತ್ತದೆ ಎಂದು ಎದ್ದು ಹೋಗುತ್ತಾರೆ. ಹೀಗಾಗಿ ಅವನಿಗೆ ಸ್ನಾನ ಮಾಡಿಸಿ, ಹಣೆಗೆ ಮೈಗೆ ವಿಭೂತಿ ಬಳಿದು, ದೇವರ ಮನೆಯಲ್ಲಿ ಕೂರಿಸಿದರು. ಹುಡುಗ ಮೌನವ್ರತದಲ್ಲಿದ್ದಾನೆ ಎಂದರು.

ನನ್ನ ಮಾವನವರು ಎದ್ದು ಅವನ ಪಾದ ಮುಟ್ಟಿದರು. ನಾನು ಕಾಫಿ ತಟ್ಟೆ ಹಿಡಿದು ಅದನ್ನು ನೋಡುತ್ತಾ ನಿಂತಿದ್ದೆ. ನಗು ಬಂದಿತ್ತು.

ಒಂದು ದಿನಕ್ಕೆಂದು ಹೇಳಿದ್ದು. ಆದರೆ ಪಾದ ಮುಟ್ಟಿದ ಬೀಗರು ತಮ್ಮ ಊರಿನಲ್ಲಿ ಹೇಳಿದರು. ಮದುವೆಗೆ ಬಂದವರೆಲ್ಲ ಮೌನಸ್ವಾಮಿಯನ್ನು ಕೇಳಿದರು. ಆಮೇಲೆ ಜನ ತಾವಾಗಿ ಬರತೊಡಗಿದರು. ಹಿಂದೆ ಸರಿಯಲು ದಾರಿ ಉಳಿಯಲಿಲ್ಲ. ಅವನನ್ನು ತೋಟಕ್ಕೆ ಬಿಡಲಿಲ್ಲ, ಮರ ಹತ್ತಲು ಬಿಡಲಿಲ್ಲ. ಅವನು ಸಂತೋಷವಾದರೂ ಹಸಿವಾದರೂ ಗಂಟಲಿನಿಂದ ಒಂದು ಸದ್ದು ಮಾಡುತ್ತಿದ್ದ. ಮೌನಸ್ವಾಮಿ ಸದ್ದು ಮಾಡಬಾರದು. ಜನ ಬಂದಾಗ ನಮ್ಮವ್ವ ಹಿಂದೆ ಕೂತು, ಅವನ ಬೆನ್ನು ಚಿವುಟಿ, ಬಾಯಿ ಮುಚ್ಚಿ ಮುಚ್ಚಿ, ಸುಮ್ಮನಿರುವುದನ್ನು ಕಲಿಸಿದಳು. ಅವನು ಕಲಿತ.

ಎಂಬತ್ತಾರರಲ್ಲಿ ಅವನಿಗೆ ಹೊಟ್ಟೆನೋವು ಬಂತು. ನಾನು ನಿನ್ನ ಅಮ್ಮನನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಜಾತ್ರೆಯ ಹಾಗೆ ಜನ ಸೇರಿದ್ದರು. ಅವನು ಮೂರು ದಿನ ಮುಖ ಬೆವರಿಸಿಕೊಂಡು, ಹಲ್ಲು ಕಚ್ಚಿ ಕೂತಿದ್ದ. ಒಂದೇ ಒಂದು ಸದ್ದು ಮಾಡಲಿಲ್ಲ. ತಪಸ್ಸು ಉಗ್ರವಾಗಿದೆ ಎಂದು ಜನ ಕೈಮುಗಿದರು. ಅವನು ನನ್ನ ಕಡೆ ನೋಡಿ, ಹೊಟ್ಟೆಯ ಬಲಗಡೆ ಬೆರಳಿಟ್ಟು ತೋರಿಸಿದ. ನಾನು ಅರ್ಥ ಮಾಡಿಕೊಂಡೆ. ಅಷ್ಟು ಜನರ ಎದುರಿಗೆ ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರ ಮುಂದೆ ಅವನು ಸದ್ದು ಮಾಡುತ್ತಾನೆ, ಎಲ್ಲ ತಿಳಿದುಹೋಗುತ್ತದೆ ಎಂದು ಸಂಜೆಯವರೆಗೆ ತಡೆದೆ. ಸಂಜೆಗೆ ಅವನಿರಲಿಲ್ಲ.

ಕೂರಿಸಿ ಸಮಾಧಿ ಮಾಡಿದರು, ಗದ್ದುಗೆ ಕಟ್ಟಿದರು. ಮಾತು ಬಾರದ ಮಕ್ಕಳನ್ನು ಈಗ ಅವನ ಮುಂದೆ ಮಲಗಿಸುತ್ತಾರೆ.

ದಿವ್ಯಾಳನ್ನು ನಟರಾಜನಿಗೇ ಯಾಕೆ ತಂದುಕೊಂಡೆ ಎಂದು ನಿನ್ನ ಅಮ್ಮ ಹಲವು ಸಲ ಕೇಳಿದ್ದಾಳೆ. ಆಸ್ತಿಗೆ ಎಂದುಕೊಂಡಿದ್ದಾಳೆ. ಹೊರಗಿನ ಸಂಬಂಧವಾದರೆ ತವರು, ತವರಿನ ತವರು ಎಲ್ಲ ವಿಚಾರಿಸುತ್ತಾರೆ. ಮನೆಯೊಳಗೇ ಕೊಟ್ಟು ತಂದರೆ ಕೇಳುವವರಿಲ್ಲ. ಆ ಬಾಗಿಲು ಮುಚ್ಚಲು ಹೋಗಿ ನಾನು ಏನನ್ನು ಒಳಗೆ ಕೂಡಿಹಾಕಿದೆ ಎಂಬುದು ನನಗೆ ಆಗ ತಿಳಿಯಲಿಲ್ಲ.

ಇಪ್ಪತ್ತನಾಲ್ಕಕ್ಕೆ ಮಗುವನ್ನು ಕರೆತರುತ್ತೇನೆ. ನೀನು ಆಸ್ಪತ್ರೆಗೆ ಬರಬೇಡ. ನಿನ್ನ ಮುಂದೆ ನನಗೆ ಬಾಯಿ ಬರುವುದಿಲ್ಲ.

ನೀಲಾಂಬಿಕೆ

ರಾಮನಾಥಪುರ
೪ ನವೆಂಬರ್ ೨೦೨೪

ಭವ್ಯಶ್ರೀಗೆ,

ಹತ್ತು ದಿನದಿಂದ ಈ ಕಾಗದವನ್ನು ಬರೆಯಲು ಕೂತು ಏಳುತ್ತಿದ್ದೇನೆ. ಡಾಕ್ಟರು ಏನು ಹೇಳಿದರೆಂದು ನಿನಗೆ ಗೊತ್ತು, ನಟರಾಜ ಫೋನಿನಲ್ಲಿ ಹೇಳಿದ್ದಾನೆ. ಎರಡು ಕಿವಿಯೂ ಕೇಳುವುದಿಲ್ಲ. ಮೊದಲು ಮಷಿನ್ ಹಾಕಿ ನೋಡಬೇಕು, ಅದರಿಂದ ಆಗದಿದ್ದರೆ ಆಪರೇಷನ್. ಇನ್ನೂ ತಡಮಾಡಬೇಡಿ, ಬಂದದ್ದು ಒಳ್ಳೆಯದಾಯಿತು ಎಂದರು. ಅವನು ನಿನಗೆ ಹೇಳದೇ ಉಳಿಸಿದ್ದನ್ನು ನಾನು ಬರೆಯುತ್ತೇನೆ.

ಡಾಕ್ಟರು ಹೆಣ್ಣುಮಗಳು. ಕಾಗದದ ಮೇಲೆ ಬರೆದುಕೊಳ್ಳುತ್ತಾ, ಗಂಡ ಹೆಂಡತಿಗೆ ಮದುವೆಗೆ ಮುಂಚೆ ಏನು ಸಂಬಂಧ ಎಂದು ಕೇಳಿದರು. ನಟರಾಜ, "ಅಕ್ಕನ ಮಗಳು ಮೇಡಂ" ಎಂದ. ವಂಶದಲ್ಲಿ ಹುಟ್ಟುಗಿವುಡರು ಇದ್ದಾರಾ ಎಂದು ಕೇಳಿದರು. "ಯಾರೂ ಇಲ್ಲ ಮೇಡಂ, ನಮ್ ಕಡೆ ಅಂಥದ್ದೇನೂ ಇಲ್ಲ" ಎಂದ. ನಾನು ಹೇಳಿಕೊಟ್ಟದ್ದನ್ನೇ ಹೇಳಿದ.

ಅವರ ಪೆನ್ನು ಮುಂದಿನ ಸಾಲಿಗೆ ಹೋಯಿತು.

ನಾನು ಹೇಳಿದೆ: "ಬರ್ಕೊಳಿ. ಬಸವರಾಜು. ನನ್ನ ಒಡಹುಟ್ಟಿದ ತಮ್ಮ. ಹುಟ್ಟುಗಿವುಡ."

ನಟರಾಜ ನನ್ನ ಮುಖ ನೋಡಿದ. "ಅವ್ವಾ, ಏನಂತಿದ್ದೀಯ? ಅವ್ರು ಸ್ವಾಮಿಗಳಲ್ವಾ?" ಎಂದ. ಐವತ್ತೆರಡು ವರ್ಷ ಬಾಯಿಬಿಟ್ಟು ಯಾರಿಗೂ ಹೇಳದ್ದನ್ನು ಆ ಸಣ್ಣ ರೂಮಿನಲ್ಲಿ, ಹೊರಗೆ ಬೇರೆ ಮಕ್ಕಳು ಅಳುತ್ತಿರುವಾಗ, ಎರಡೇ ನಿಮಿಷದಲ್ಲಿ ಹೇಳಿಬಿಟ್ಟೆ. ಹೊಟ್ಟೆನೋವಿನ ವಿಷಯವನ್ನೂ, ಜೂನಿನಲ್ಲೇ ನೀನು ಕಾಗದದಲ್ಲಿ ವಂಶದ ವಿಚಾರ ಕೇಳಿದ್ದನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದೇ ರಕ್ತದ ಮದುವೆಯಲ್ಲಿ ಇದು ಹೀಗೆ ಅಡಗಿ ಕೂತು ಬರುತ್ತದೆ, ಒಂದು ಮಗುವಿಗೆ ಬಂದಿದ್ದರೆ ಮುಂದೆ ಹುಟ್ಟುವ ಒಂದೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಬರಬಹುದು ಎಂದು ಮೆಲ್ಲಗೆ ಹೇಳಿದರು.

ದಿವ್ಯಾ ನಿದ್ದೆ ಹೋದ ಮಗುವನ್ನು ನಟರಾಜನ ತೊಡೆಗೆ ಹಾಕಿದಳು.

"ನನ್ನ ಮಾವಂಗೆ ಕೊಡುವಾಗ ಗೊತ್ತಿತ್ತಾ ಅಜ್ಜಿ ನಿಮ್ಗೆ?"

"ನನ್ನ ತಮ್ಮ ಕಿವುಡ ಅಂತ ಗೊತ್ತಿತ್ತು. ಹಿಂಗಾಯ್ತದೆ ಅಂತ ಗೊತ್ತಿರ್ಲಿಲ್ಲ ಕಣೇ."

"ಜೂನ್‌ನಲ್ಲಿ ಭವ್ಯ ಕಾಗ್ದ ಬರ್ದಾಗ ಗೊತ್ತಾಯ್ತಲ್ಲ. ಆವಾಗ್ಲಾದ್ರೂ ಒಂದು ಮಾತು ಯೋಳ್ಬೋದಿತ್ತಲ್ಲ ಅಜ್ಜಿ."

ಅವಳು ಎರಡು ಕೈಯನ್ನೂ ಹೊಟ್ಟೆಯ ಮೇಲೆ ಇಟ್ಟುಕೊಂಡು ಡಾಕ್ಟರ ಕಡೆ ತಿರುಗಿದಳು. "ನಂಗೀಗ ಎರಡು ತಿಂಗ್ಳು ಮೇಡಂ" ಎಂದಳು.

ನನಗೆ ಹೇಳಿರಲಿಲ್ಲ. ನಟರಾಜನಿಗೂ ಹೇಳಿರಲಿಲ್ಲ. ಹಬ್ಬದ ದಿನ ಹೇಳೋಣವೆಂದಿದ್ದಳಂತೆ. ಆಗಸ್ಟಿನಲ್ಲಿ ನೀನು ಜಗಲಿಯಲ್ಲಿ ಮೂರು ಗಂಟೆ ಕಾದು ಹೋದೆಯಲ್ಲ, ನಾನು ಏಳದೆ ಒಳಗೆ ಕೂತಿದ್ದೆನಲ್ಲ, ಆ ದಿನ ಇದು ಇನ್ನೂ ಅವಳ ಹೊಟ್ಟೆಯಲ್ಲಿರಲಿಲ್ಲ.

ಅಂದಿನಿಂದ ದಿವ್ಯಾ ನನಗೆ ಊಟ ಬಡಿಸುತ್ತಾಳೆ, ನೀರು ಕಾಯಿಸಿಡುತ್ತಾಳೆ, ಮಾತ್ರೆ ತಂದಿಡುತ್ತಾಳೆ. ಒಂದು ಮಾತಾಡುವುದಿಲ್ಲ. ಮಗುವನ್ನು ನನ್ನ ಹತ್ತಿರ ಬಿಡುವುದಿಲ್ಲ.

ನೀನು ಬಾ. ನನ್ನನ್ನು ನೋಡಲು ಬಾ ಎಂದು ಬರೆಯುತ್ತಿಲ್ಲ. ಅವಳಿಗೆ ಕೇಳುವುದು ಬಹಳ ಇದೆ, ನನ್ನನ್ನು ಕೇಳುವುದಿಲ್ಲ. ಹೊಟ್ಟೆಯಲ್ಲಿರುವುದಕ್ಕೆ ಆ ನಾಲ್ಕರಲ್ಲಿ ಯಾವ ಪಾಲು ಬಂದಿದೆ ಎಂದು ತಿಳಿಯಲು ದಾರಿ ಇದೆಯೋ, ಇದ್ದರೆ ತಿಳಿದು ಏನು ಮಾಡಬೇಕು, ನೀನು ಅವಳ ಪಕ್ಕದಲ್ಲಿ ಕೂತು ಹೇಳು. ನಾನು ಆ ಹೊತ್ತಿಗೆ ಹೊರಗೆ ಜಗಲಿಯಲ್ಲಿ ಕೂತಿರುತ್ತೇನೆ. ಎಷ್ಟು ಗಂಟೆಯಾದರೂ ಒಳಗೆ ಬರುವುದಿಲ್ಲ.

ನೀಲಾಂಬಿಕೆ